ಅಮ್ಮನ ಅಂಟು ಬುಕ್ಕು, ಕೌದಿ ಮತ್ತು ಮಳೆಗಾಲದ ಬೀರು

ಓದುಗರ ಪ್ರಶ್ನೆ:

"ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಮ್ಮ ಪ್ರೈಮರಿ ಶಾಲೆ ಟೀಚರ್ ಆಗಿದ್ದರು. ಹೋದ ವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದರಲ್ಲಿ ನಮಗೆ ಜೀವ ಅನ್ನಿಸುವುದು ಎರಡೇ. ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ, ಮನೆಯಲ್ಲಿ ಅದಕ್ಕೆ 'ಅಂಟು ಬುಕ್ಕು' ಅಂತಲೇ ಹೆಸರು. ವಾರಪತ್ರಿಕೆಯಿಂದ ಕತ್ತರಿಸಿದ ಕಥೆಗಳು, ನಾವು ಚಿಕ್ಕವರಿದ್ದಾಗ ಬಿಡಿಸಿದ ಚಿತ್ರ, ಬಸ್ ಟಿಕೆಟ್, ಅವರದ್ದೇ ಕೈಬರಹದ ಅಡುಗೆ ಅಳತೆ ಎಲ್ಲ ಅದರಲ್ಲಿದೆ. ರಾತ್ರಿ ಊಟ ಆದ ಮೇಲೆ ಅದರಿಂದಲೇ ಕಥೆ ಓದಿ ಹೇಳುತ್ತಿದ್ದರು. ಇನ್ನೊಂದು ಕೌದಿ. ಜೊತೆಗೆ ಕೆಲಸ ಮಾಡುತ್ತಿದ್ದ ಧಾರವಾಡ ಕಡೆಯ ಟೀಚರ್ ಕಲಿಸಿಕೊಟ್ಟದ್ದು, ಅಜ್ಜಿಯ ಸೀರೆಗಳಿಂದ ಹೊಲಿದದ್ದು. ಜೂನ್‌ನಲ್ಲಿ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಸ್ಟೀಲ್ ಬೀರುವಿನಲ್ಲಿ ಭದ್ರ ಮಾಡಿದ್ದೆ. ಈ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ, ಮದ್ದು ಸೊಪ್ಪಿನ ಪಾಯಸದ ಅಳತೆ ನೋಡೋಣ ಅಂತ ತೆಗೆದರೆ ಪುಸ್ತಕದ ತುಂಬ ಬಿಳಿ-ಹಸಿರು ಬೂಷ್ಟು, ಕೌದಿಗೆ ಮುಗ್ಗಲು ವಾಸನೆ. ಅಮ್ಮ ಇದ್ದಾಗ ನಲವತ್ತು ವರ್ಷ ಏನೂ ಆಗದ್ದು ಒಂದೇ ವರ್ಷದಲ್ಲಿ ಹೀಗೆ ಹೇಗಾಯಿತು? ಮೈಸೂರಿನಲ್ಲಿರುವ ಅಕ್ಕ ಎಲ್ಲ ಹಾಳೆ ಬಿಡಿಸಿ ಲ್ಯಾಮಿನೇಷನ್ ಮಾಡಿಸು ಅಂತಾಳೆ. ಬೆಂಗಳೂರಿನ ತಮ್ಮ, ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸು, ಮತ್ತೆ ಪುಸ್ತಕ ಯಾಕೆ ಅಂತಾನೆ. ಅವನ ಹೆಂಡತಿ ಕೌದಿಯನ್ನು ಮೂರು ಭಾಗ ಮಾಡಿ ಹಂಚಿಕೊಳ್ಳೋಣ ಅಂದಳು. ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲರೂ ಮನೆಗೆ ಬರುತ್ತಾರೆ. ಅಷ್ಟರೊಳಗೆ ಏನು ಮಾಡಲಿ? ಕೊನೆಗೊಂದು ಮಾತು. ಪುಸ್ತಕದಲ್ಲಿ ಹತ್ತು ಹನ್ನೆರಡು ಹಾಳೆ ಖಾಲಿ ಇದೆ. ಅದರಲ್ಲಿ ನಾವು ಬರೆಯಬಹುದಾ, ತಪ್ಪಾಗುತ್ತದಾ?"

ಉತ್ತರ:

ನೀವು ಬರೆದದ್ದನ್ನು, ಆಮೇಲೆ ನಾನು ವಿಚಾರಿಸಿದಾಗ ಹೇಳಿದ್ದನ್ನು, ಕಳಿಸಿದ ಫೋಟೊವನ್ನು ನೋಡಿದರೆ ಪುಸ್ತಕವೂ ಉಳಿಯುತ್ತದೆ, ಕೌದಿಯೂ ಉಳಿಯುತ್ತದೆ. ಕೆಲವು ಕಲೆ ಹಾಗೇ ನಿಲ್ಲಬಹುದು. ಅದಕ್ಕಿಂತ ಜಾಸ್ತಿ ಹೆದರುವಂಥದ್ದು ಏನೂ ಕಾಣುತ್ತಿಲ್ಲ.

ನೀವು ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳಿದ ಪ್ರಶ್ನೆ ಒಂದಿದೆ. 'ನಾನೇ ಹಾಳು ಮಾಡಿದೆನಾ?' ಅಂತ. ಸುಳ್ಳು ಹೇಳುವುದಿಲ್ಲ, ಬೂಷ್ಟಿಗೆ ದಾರಿ ಮಾಡಿಕೊಟ್ಟದ್ದು ಆ ಪ್ಲಾಸ್ಟಿಕ್ ಕವರೇ. ಆದರೆ ಹಳೆ ಕಾಗದ, ಹಳೆ ಬಟ್ಟೆ ರಿಪೇರಿಯೇ ಹೊಟ್ಟೆಪಾಡಾಗಿರುವ ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೇನೆ. ಅಜ್ಜನ ಪಂಚಾಂಗಗಳ ಕಟ್ಟನ್ನು ಜಿಪ್ ಕವರಿಗೆ ತುರುಕಿ, ಗಾಳಿ ಎಲ್ಲ ಒತ್ತಿ ತೆಗೆದು, ಇನ್ನು ನನ್ನ ಮೊಮ್ಮಕ್ಕಳ ಕಾಲದವರೆಗೆ ಚಿಂತೆಯಿಲ್ಲ ಅಂತ ಅಟ್ಟಕ್ಕೆ ಏರಿಸಿದ್ದೆ. ಮುಂದಿನ ಯುಗಾದಿಗೆ ಇಳಿಸಿದಾಗ ಅದರ ಮೇಲೆ ಹಸಿರು ತುಪ್ಪಳ ಬೆಳೆದಿತ್ತು.

ಬೂಷ್ಟಿನ ಬೀಜಕಣ ಎಲ್ಲ ಕಡೆ ಇರುತ್ತದೆ. ನಿಮ್ಮ ಮನೆಯಲ್ಲೂ, ನನ್ನ ಮನೆಯಲ್ಲೂ, ಆಸ್ಪತ್ರೆಯಲ್ಲೂ. ಅದು ಮೊಳೆಯಲು ಬೇಕಾದ್ದು ತೇವ ಮತ್ತು ಅಲುಗಾಡದ ಗಾಳಿ. ಗಾಳಿಯ ತೇವಾಂಶ ದಿನಗಟ್ಟಲೆ 65-70 ಶೇಕಡಾ ದಾಟಿ ನಿಂತರೆ ಸಾಕು, ಶುರು ಹಚ್ಚಿಕೊಳ್ಳುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 85-90ರ ಆಸುಪಾಸಿನಲ್ಲೇ ಇರುತ್ತದೆ. ಭಾಗಮಂಡಲದ ಕಡೆ ಮಳೆ ಇನ್ನೂ ಜೋರು. ಕಾಗದ, ಹತ್ತಿ ಬಟ್ಟೆ ಎರಡೂ ಉಪ್ಪಿನ ಡಬ್ಬಿ ಇದ್ದ ಹಾಗೆ, ಸುಮ್ನೆ ಇಟ್ಟರೂ ಗಾಳಿಯಿಂದ ನೀರು ಹೀರುತ್ತವೆ. ನೀವು ಜೂನ್‌ನಲ್ಲಿ ಸುತ್ತಿಟ್ಟಾಗ ಪುಸ್ತಕ ಆಗಲೇ ನೀರು ಕುಡಿದಿತ್ತು. ಆ ನೀರನ್ನೂ ಸೇರಿಸಿ ಕಟ್ಟಿಟ್ಟಿರಿ. ಸರಿಯಾಗಿ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ನಾನು ಹೇಳಬೇಕಾ?

ಹಾಗಾದರೆ ಅಮ್ಮನ ಕಾಲದಲ್ಲಿ ಯಾಕೆ ಆಗಲಿಲ್ಲ? ನನಗೆ ಇಷ್ಟವಾದ ಪ್ರಶ್ನೆ ಇದೇ. ಪುಸ್ತಕ ಆಗ ಎಲ್ಲಿರುತ್ತಿತ್ತು ಅಂತ ನಾನು ತಿರುಗಿ ಕೇಳಿದ್ದಕ್ಕೆ, "ಅಡುಗೆಮನೆಯಲ್ಲಿ, ಸೌದೆ ಒಲೆಯ ಪಕ್ಕದ ಗೂಡಿನಲ್ಲಿ" ಅಂದಿರಿ. ಉತ್ತರ ಅಲ್ಲೇ ಇದೆ. ಗಾಳಿ ಬಿಸಿಯಾದರೆ ಅದರ ತೇವಾಂಶದ ಲೆಕ್ಕ ಕೆಳಗಿಳಿಯುತ್ತದೆ. 20 ಡಿಗ್ರಿಯಲ್ಲಿ 90 ಶೇಕಡಾ ತೇವ ಇರುವ ಗಾಳಿಯನ್ನು ಬರೀ 25 ಡಿಗ್ರಿಗೆ ಬಿಸಿ ಮಾಡಿ, 66ರ ಹತ್ತಿರ ಬಂದುಬಿಡುತ್ತದೆ. ದಿನವಿಡೀ ಉರಿಯುತ್ತಿದ್ದ ಒಲೆ ಆ ಕೆಲಸ ಮಾಡುತ್ತಿತ್ತು. ಹೊಗೆಗೆ ಹುಳ ಹುಪ್ಪಟೆ ದೂರ. ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ತಾರಸಿ ಮನೆ, ಗ್ಯಾಸ್ ಒಲೆ, ಕುಕ್ಕರಿನ ಹಬೆ, ಒಳಗೇ ಒಣಹಾಕಿದ ಬಟ್ಟೆ, ಮಳೆ ಅಂತ ಮುಚ್ಚಿದ ಕಿಟಕಿ. ಮೇಲಿಂದ ಹೊರಗೋಡೆಗೆ ಒತ್ತಿ ನಿಲ್ಲಿಸಿದ ಸ್ಟೀಲ್ ಬೀರು. ತಣ್ಣಗಿನ ಗೋಡೆಗೆ ತಾಗಿದ ಕಬ್ಬಿಣ ಒಳಗೊಳಗೇ ಬೆವರುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದು. ಅಮ್ಮ ಅದನ್ನು ದಿನಾ ತೆಗೆಯುತ್ತಿದ್ದರು. ಹಾಳೆ ಮಗುಚಿದಾಗಲೆಲ್ಲ ಒಳಗೆ ಗಾಳಿ ಹೋಗುತ್ತಿತ್ತು. ಸಿಲ್ವರ್‌ಫಿಶ್ ಅಂತೀವಲ್ಲ, ಬೆಳ್ಳಿ ಬಣ್ಣದ, ಮೀನಿನ ಹಾಗೆ ಜಾರಿ ಓಡುವ ಹುಳ, ಅದಕ್ಕೆ ಬೇಕಾದ್ದು ಯಾರೂ ಮುಟ್ಟದ ಕತ್ತಲೆ ಮೂಲೆ. ದಿನಾ ಕಥೆ ಓದುವ ಪುಸ್ತಕದಲ್ಲಿ ಅದು ಸಂಸಾರ ಹೂಡುವುದಿಲ್ಲ. ನನ್ನ ಹತ್ತಿರ ಬರುವ ಮನೆ ಪುಸ್ತಕಗಳಲ್ಲಿ ತೀರಾ ಕೆಟ್ಟು ಹೋದವು ಬಹುಪಾಲು 'ತುಂಬಾ ಜೋಪಾನ ಮಾಡಿದ್ವಿ ಸಾರ್' ಅಂತ ತಂದವೇ. ಎಣ್ಣೆ ಕೈಯಲ್ಲಿ ಮುಟ್ಟಿ, ಮಕ್ಕಳು ಗೀಚಿ, ಬೆನ್ನು ಕಿತ್ತು ಬಂದ ಪುಸ್ತಕಗಳು ಅವಕ್ಕಿಂತ ಗಟ್ಟಿಯಾಗಿರುತ್ತವೆ.

ಈಗ ಮಾಡಬೇಕಾದ್ದು. ಪ್ಲಾಸ್ಟಿಕ್ ಕವರ್ ಬಿಸಾಡಿ. ನುಸಿಗುಳಿಗೆಯನ್ನೂ ತೆಗೆಯಿರಿ. ಅದು ಬೂಷ್ಟನ್ನು ತಡೆಯುವುದಿಲ್ಲ, ಮನುಷ್ಯರಿಗೂ ಒಳ್ಳೆಯದಲ್ಲ. ಅದರಲ್ಲೂ ಜಿ6ಪಿಡಿ ಕೊರತೆ ಅನ್ನುವ ಹುಟ್ಟುತೊಂದರೆ ಇರುವ ಮಕ್ಕಳಿಗೆ ಅದರ ಆವಿಯಿಂದ ರಕ್ತಕಣ ಒಡೆಯುವ ಅಪಾಯ ಇದೆ. ಆ ಕೌದಿಯಲ್ಲಿ ಸದ್ಯಕ್ಕೆ ಯಾವ ಮಗುವನ್ನೂ ಮಲಗಿಸಬೇಡಿ. ವಾಸನೆ ಪೂರಾ ಹೋಗಬೇಕು.

ಪುಸ್ತಕವನ್ನು ಮನೆಯ ಅತಿ ಒಣ ಕೋಣೆಯಲ್ಲಿ ಮೇಜಿನ ಮೇಲೆ ನಿಲ್ಲಿಸಿ, ಹಾಳೆಗಳು ಬೀಸಣಿಗೆಯ ಹಾಗೆ ಸ್ವಲ್ಪ ತೆರೆದಿರಲಿ. ಫ್ಯಾನ್ ಗಾಳಿ ನೇರ ಬಡಿಯಬಾರದು, ಕೋಣೆಯಲ್ಲಿ ಆಡಿದರೆ ಸಾಕು. ನಾಲ್ಕೈದು ದಿನ ಬಿಡಿ. ಬೂಷ್ಟನ್ನು ಈಗಲೇ ಒರೆಸಲು ಹೋಗಬೇಡಿ. ಹಸಿ ಬೂಷ್ಟು ಮೇಣದ ಹಾಗೆ ಹರಡಿಕೊಂಡು ಕಾಗದದ ಒಳಗೆ ಇಳಿಯುತ್ತದೆ. ಒಣಗಿದ್ದು ಪುಡಿಯಾಗುತ್ತದೆ. ಪುಡಿಯಾದ ಮೇಲೆ ಮಳೆ ಬಿಟ್ಟ ಒಂದು ದಿನ ಜಗಲಿಗೆ ಒಯ್ದು, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಅಗಲ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಗುಡಿಸಿ. ಮನೆಯಲ್ಲಿ ಉಬ್ಬಸ ಇರುವವರು ಆ ಕಡೆ ಬರಬಾರದು. ಒದ್ದೆ ಬಟ್ಟೆ, ಡೆಟಾಲು, ವಿನೆಗರ್ ಯಾವುದೂ ಬೇಡ.

ಬಿಸಿಲಿಗೆ ಇಟ್ಟರೆ ಸಾಯುತ್ತದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಒಣಗುತ್ತದೆ, ನಿಜ. ಜೊತೆಗೆ ಅಮ್ಮನ ಶಾಯಿಯೂ ಮಾಸುತ್ತದೆ, ಕಾಗದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಪುಸ್ತಕಕ್ಕೆ ನೆರಳು, ಗಾಳಿ ಸಾಕು.

ಹುಳ ಕಂಡರೆ ಮಾತ್ರ ಒಂದು ಉಪಾಯ. ಒಣಗಿದ ಪುಸ್ತಕವನ್ನು ಪಾಲಿಥಿನ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಇಬ್ಬನಿ ಕೂರುತ್ತದೆ. ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಬೂಷ್ಟಿನ ಕಣ ಸಾಯುವುದಿಲ್ಲ, ಸುಮ್ಮನೆ ನಿದ್ದೆ ಮಾಡುತ್ತದೆ. ಮಾಂಸ, ಮೀನು ಇಡುವ ಫ್ರೀಜರ್ ಆದರೆ ಅದನ್ನು ಪೂರ್ತಿ ಖಾಲಿ ಮಾಡಿಕೊಂಡು ಇಡಿ.

ಅಕ್ಕನ ಲ್ಯಾಮಿನೇಷನ್ ವಿಷಯಕ್ಕೆ ಬರೋಣ. ದಯವಿಟ್ಟು ಬೇಡ. ಅಂಗಡಿಯ ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿ, ಕರಗಿದ ಅಂಟನ್ನು ಕಾಗದದ ನಾರಿನೊಳಗೆ ಇಳಿಸುವುದು. ಮತ್ತೆ ಬಿಡಿಸಲು ಆಗುವುದಿಲ್ಲ. ಒಳಗಿದ್ದ ತೇವ, ಆಮ್ಲ ಎರಡೂ ಒಳಗೇ ಸಿಕ್ಕಿಕೊಂಡು ಕಾಗದವನ್ನು ತಿನ್ನುತ್ತವೆ. ಕೈಬರಹದ ಶಾಯಿ ಕೆಲವೊಮ್ಮೆ ಹರಡುತ್ತದೆ. ಬಸ್ ಟಿಕೆಟ್ ಅಂದಿರಲ್ಲ, ಅದರಲ್ಲಿ ಹೊಸ ಕಾಲದ ಮೆಷಿನ್ ಟಿಕೆಟ್ ಇದ್ದರೆ ಇನ್ನೂ ಮೋಜು. ಆ ಕಾಗದ ಬಿಸಿ ತಾಗಿದರೆ ಕಪ್ಪಾಗುವ ಜಾತಿಯದ್ದು. ನನ್ನ ಅಪ್ಪನ ಕೊನೆಯ ಪ್ರಯಾಣದ ಟಿಕೆಟ್ಟನ್ನು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದೆ. ಮೆಷಿನ್ನಿನ ಈ ಕಡೆಯಿಂದ ಬಿಳಿಯಾಗಿ ಹೋದದ್ದು ಆ ಕಡೆಯಿಂದ ಸ್ಲೇಟಿನ ಹಾಗೆ ಕಪ್ಪಾಗಿ ಬಂತು. ಅಂಗಡಿಯ ಹುಡುಗನಿಗೆ ಏನು ಹೇಳುವುದು, ಕೊಟ್ಟವನು ನಾನು. ಅಂಥ ಟಿಕೆಟ್‌ನ ಅಕ್ಷರ ಹೇಗೂ ಕೆಲವೇ ವರ್ಷದಲ್ಲಿ ಮಾಸುತ್ತದೆ, ಈಗಲೇ ಫೋಟೊ ತೆಗೆದಿಡಿ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೇ ಒಂದು ಕಾಲಕ್ಕೆ ಅಸಿಟೋನ್ ಬಳಸಿ ಹಳೆ ದಾಖಲೆಗಳಿಗೆ ಕೈಯಿಂದ ಲ್ಯಾಮಿನೇಷನ್ ಮಾಡುವ ಪದ್ಧತಿ ಬೆಳೆದಿತ್ತು. ಅದು ಬಿಡಿಸಬಹುದಾದ ವಿಧಾನ, ಅಂಗಡಿಯದ್ದಲ್ಲ. ಹಾಗಾಗಿ ಅಕ್ಕನ ಯೋಚನೆ ಪೂರಾ ತಲೆಬುಡ ಇಲ್ಲದ್ದೇನೂ ಅಲ್ಲ. ಬದಲಿಗೆ, ತೀರಾ ಮುರಿಯುವ ಹಾಳೆಗಳನ್ನು ಪಾಲಿಯೆಸ್ಟರ್ ಅಥವಾ ಪಾಲಿಪ್ರಾಪಿಲೀನ್ ಹಾಳೆ-ಕವರಿನಲ್ಲಿ, ಒಂದು ಬದಿ ತೆರೆದೇ ಇಟ್ಟು ಕೂರಿಸಿ. ರೇನ್‌ಕೋಟಿನ ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಮುಟ್ಟಬೇಡಿ. ಅದು ಜೆರಾಕ್ಸ್ ಅಕ್ಷರವನ್ನೇ ಎತ್ತಿಕೊಂಡುಬಿಡುತ್ತದೆ.

ತಮ್ಮ ಹೇಳಿದ ಸ್ಕ್ಯಾನ್ ಬೇಕೇ ಬೇಕು. ಆದರೆ ಅವನ 'ಮತ್ತೆ ಪುಸ್ತಕ ಯಾಕೆ' ಅನ್ನುವ ಮಾತು ಒಪ್ಪುವುದಿಲ್ಲ. ಕಳೆದುಹೋದ ಪೆನ್‌ಡ್ರೈವ್‌ಗಳನ್ನು, ಓದಲು ಬಾರದ ಸಿಡಿಗಳನ್ನು ನಾನು ನೋಡಿದಷ್ಟು ಕಳೆದುಹೋದ ರಿಜಿಸ್ಟರ್ ಪುಸ್ತಕ ನೋಡಿಲ್ಲ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300 ಡಿಪಿಐ, ಚಿಕ್ಕ ಫೋಟೊಗೆ 600. ಅಂಟು ಬುಕ್ಕಿನ ಉಬ್ಬು ಹಾಳೆಗಳನ್ನು ಸ್ಕ್ಯಾನರ್ ಗಾಜಿಗೆ ಒತ್ತಿದರೆ ಬೆನ್ನು ಮುರಿಯುತ್ತದೆ, ಅದಕ್ಕೆ ಮೊಬೈಲೇ ವಾಸಿ. ಕಿಟಕಿ ಪಕ್ಕ, ಫ್ಲಾಶ್ ಇಲ್ಲದೆ, ಮೇಲಿಂದ ನೇರವಾಗಿ. ನಿಮ್ಮ ಕಡೆಯ ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು, ನೆರಳೂ ಬೀಳುವುದಿಲ್ಲ, ಹೊಳಪೂ ಇಲ್ಲ. ಮಳೆಗಾಲದಿಂದ ಒಂದು ಉಪಕಾರ ಅಂತಾದರೂ ಆಯಿತು. ಮೂರು ಮನೆಯಲ್ಲಿ ಮೂರು ಪ್ರತಿ ಇರಲಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಪತ್ರಿಕೆಯ ತುಣುಕುಗಳು ಕಂದಾಗಿ ಮುರಿಯುತ್ತಿವೆ ಅಂತ ಹೇಳಿದ್ದೀರಿ. ಅದು ಬೂಷ್ಟಿನಿಂದ ಅಲ್ಲ. ನ್ಯೂಸ್‌ಪ್ರಿಂಟ್ ಅಂದರೆ ಮರವನ್ನು ಅರೆದು ಮಾಡಿದ ಕಾಗದ. ಮರದ ಕಾಲು ಭಾಗದಷ್ಟಿರುವ ಲಿಗ್ನಿನ್ ಅನ್ನುವ ಅಂಟು ಅದರಲ್ಲೇ ಉಳಿದಿರುತ್ತದೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ತಯಾರಾಗಿ ನಮ್ಮ ಪತ್ರಿಕೆಗಳಿಗೆ ಬರುತ್ತಿದ್ದ ಕಾಗದವೂ ಈ ಜಾತಿಯದ್ದೇ. ಒಂದು ಬೆಳಗ್ಗೆ ಓದಿ ಸಂಜೆ ಬೋಂಡ ಕಟ್ಟಲು ಮಾಡಿದ್ದು, ನಲವತ್ತು ವರ್ಷ ಬಾಳಿದ್ದೇ ಹೆಚ್ಚು. ಬೆಳಕು, ಗಾಳಿ ತಾಗಿ ಲಿಗ್ನಿನ್ ಕಂದಾಗುತ್ತದೆ, ಆಮ್ಲ ಬಿಡುತ್ತದೆ, ಆ ಆಮ್ಲ ಎದುರು ಹಾಳೆಯ ಮೇಲೂ ಕಂದು ಅಚ್ಚು ಒತ್ತುತ್ತದೆ. ಅಂಥ ಪುಟಗಳ ನಡುವೆ ಆಮ್ಲವಿಲ್ಲದ ತೆಳು ಕಾಗದ ಇಡಿ. ಕೈಕಾಗದ ಆದರೆ ಸಾಕು ಅಂದುಕೊಳ್ಳಬೇಡಿ. ಪಟಿಕ ಹಾಕಿ ಮಾಡಿದ ಕೈಕಾಗದದಲ್ಲೂ ಆಮ್ಲ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ಅಂಟಿನ ಬಗ್ಗೆ. ಅಮ್ಮ ಮೈದಾ ಗಂಜಿ ಬಳಸಿದ್ದಕ್ಕೇ ಹುಳ ಬಂತು, ಫೆವಿಕಾಲ್ ಹಾಕಿದ್ದರೆ ಚೆನ್ನಾಗಿತ್ತು ಅಂತ ಯಾರೋ ಅಂದರಂತೆ. ಅರ್ಧ ನಿಜ. ಹಿಟ್ಟಿನ ಅಂಟಿಗೆ ಹುಳ ಬರುತ್ತದೆ. ಆದರೆ ನೀರು ತಾಗಿಸಿದರೆ ಬಿಡುವುದೂ ಅದೇ. ಒಣಗಿದ ಬಿಳಿ ಗೋಂದು ಬಿಡುವುದಿಲ್ಲ. ನಾವು ರಿಪೇರಿಗೆ ಇವತ್ತಿಗೂ ಬಳಸುವುದು ಗೋಧಿ ಗಂಜಿಯನ್ನೇ. ಬೈಂಡಿಂಗ್ ಮಾಡುವ ಹಳಬರು ಹುಳ ಬರದಿರಲಿ ಅಂತ ಗಂಜಿಗೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಹೌದು, ನಿಮ್ಮ ತೋಟದಲ್ಲಿ ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತು. ನೀವು ಹಾಕಬೇಡಿ. ತಾಮ್ರ ಕಾಗದವನ್ನು ಬೇಗ ಮುಪ್ಪು ಮಾಡುತ್ತದೆ, ಮಕ್ಕಳು ಬೆರಳು ನೆಕ್ಕಿ ಹಾಳೆ ತಿರುಗಿಸುವ ಪುಸ್ತಕಕ್ಕೆ ವಿಷ ಬೇರೆ.

ಬಿಟ್ಟುಕೊಂಡ ತುಣುಕನ್ನು ಮತ್ತೆ ಅಂಟಿಸಲು ಅಂಟು ಮನೆಯಲ್ಲೇ ಆಗುತ್ತದೆ. ಹಲ್ವಕ್ಕೆ ಗೋಧಿ ಹಾಲು ತೆಗೆಯುತ್ತೀರಲ್ಲ, ಅದೇ. ಗೋಧಿ ನೆನೆಸಿ, ರುಬ್ಬಿ, ಸೋಸಿ ಇಟ್ಟರೆ ಮರುದಿನ ತಳದಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ತಿಳಿನೀರು ಚೆಲ್ಲಿ. ಒಂದು ಭಾಗ ಹಿಟ್ಟಿಗೆ ನಾಲ್ಕೈದು ಭಾಗ ನೀರು ಸೇರಿಸಿ ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಿ. ಹಾಲಿನಂತಿದ್ದದ್ದು ಕನ್ನಡಿಯ ಹಾಗೆ ಮಿಂಚುವ ತನಕ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಬೇಕಾದ್ದು ತೀರಾ ಸ್ವಲ್ಪ, ತುಣುಕಿನ ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ. ಎರಡು ಮೂರು ದಿನಕ್ಕಿಂತ ಇಡಬೇಡಿ. ಸೆಲ್ಲೋಟೇಪು ಮಾತ್ರ ಮನೆಯೊಳಗೆ ತರಬೇಡಿ. ಹತ್ತು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ ಹೋಗುತ್ತದೆ, ಹಳದಿ ಜಿಡ್ಡು ಉಳಿಯುತ್ತದೆ. ಮೊದಲೇ ಅಂಟಿದ ಟೇಪನ್ನು ಕೀಳಲೂ ಬೇಡಿ.

ಫೋಟೊ ಅಂಟಿಕೊಂಡಿದ್ದರೆ ಹಲ್ಲು ಶುಚಿ ಮಾಡುವ ನೂಲನ್ನು ಹಿಂದಿನಿಂದ ಮೆಲ್ಲಗೆ ಗರಗಸದ ಹಾಗೆ ಆಡಿಸಿ. ಬಾರದಿದ್ದರೆ ಹಟ ಮಾಡಬೇಡಿ. ಫೋಟೊದ ಮುಖವೇ ಪ್ಲಾಸ್ಟಿಕ್ಕಿಗೆ ಕಚ್ಚಿದ್ದರೆ ಮುಟ್ಟಲೇಬೇಡಿ. ಚಿತ್ರ ಕೂತಿರುವುದು ಜಿಲೆಟಿನ್ ಪದರದಲ್ಲಿ, ಅದು ಎಳೆದರೆ ಎದ್ದು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕೆಸರಿನಿಂದ ಎತ್ತಿದ ಆಲ್ಬಂಗಳನ್ನು ಕೆಲವರು ತಂದಿದ್ದರು. ಒದ್ದೆ ಫೋಟೊಗಳನ್ನು ಒಂದರ ಮೇಲೊಂದು ಪೇರಿಸಿ ಒಣಗಿಸಿದ್ದವು ಇಟ್ಟಿಗೆಯಾಗಿ ಬಂದವು, ಬಿಡಿಸಲು ಆಗಲಿಲ್ಲ. ತಣ್ಣಗಿನ ಶುದ್ಧ ನೀರಿನಲ್ಲಿ ಮುಳುಗಿಸಿ, ಒಂದೊಂದಾಗಿ ಬಿಡಿಸಿ, ಮುಖ ಮೇಲಾಗಿ ಹರಡಿದವರ ಫೋಟೊ ಉಳಿಯಿತು. ಮಳೆನಾಡಿನಲ್ಲಿ ಇದು ಗೊತ್ತಿರಲಿ ಅಂತ ಹೇಳಿದೆ.

ಕೌದಿಯ ವಿಷಯ ಸ್ವಲ್ಪ ನಿಧಾನವಾಗಿ ಮಾತಾಡೋಣ, ಯಾಕೆಂದರೆ ಅಲ್ಲಿ ಬಟ್ಟೆಗಿಂತ ಜಾಸ್ತಿ ಮನಸ್ಸು ಸೇರಿಕೊಂಡಿದೆ.

ಕೌದಿ ಅಂದರೆ ಹಳೆ ಸೀರೆಗಳ ಪದರಗಳನ್ನು ಸಾಲುಹೊಲಿಗೆಯಲ್ಲಿ ಹಿಡಿದಿಟ್ಟದ್ದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೆ 'ಫುಲ' ಅಂತ ಬಣ್ಣದ ತುಂಡು ಇಡುತ್ತಾರೆ. ನೀವು ಕಳಿಸಿದ ಫೋಟೊದಲ್ಲಿ ನಿಮ್ಮ ಕೌದಿಯ ಹೊಲಿಗೆಯೂ ಹೀಗೇ ಸುತ್ತು ಬಂದಿದೆ. ಅಂದರೆ ಕತ್ತರಿ ಹಾಕಿದ ಕಡೆಯೆಲ್ಲ ದಾರದ ತುದಿ ಬಿಚ್ಚಿಕೊಳ್ಳುತ್ತದೆ, ಎರಡು ಒಗೆತಕ್ಕೆ ಪದರ ಜಾರುತ್ತದೆ. ಕತ್ತರಿಸಲೇಬೇಕು ಅಂದರೆ, ಕತ್ತರಿ ಆಡುವ ಗೆರೆಯ ಎರಡೂ ಬದಿಗೆ ಮೊದಲು ಕೈಹೊಲಿಗೆ ಹಾಕಿ, ಕತ್ತರಿಸಿದ ಮೇಲೆ ಮೆತ್ತನೆಯ ಹತ್ತಿ ಪಟ್ಟಿಯಿಂದ ಅಂಚು ಕಟ್ಟಬೇಕು. ಆಗುವುದಿಲ್ಲ ಅಂತಲ್ಲ. ಆದರೆ ಮೂರು ತುಂಡೂ ಹೊದೆಯಲು ಸಾಲದು, ಮೂರೂ ಗೋಡೆಗೆ ನೇತುಹಾಕುವ ವಸ್ತುವಾಗುತ್ತದೆ. ನಿಮ್ಮ ನಾದಿನಿ ಕೇಳಿದ್ದು ಆಸೆಯಿಂದ, ಸಿಟ್ಟಾಗಬೇಡಿ. ಅಮ್ಮನ ಸೀರೆಗಳು ಇನ್ನೂ ಇವೆ ಅಂದಿರಲ್ಲ? ಅವುಗಳಿಂದ ಇನ್ನೆರಡು ಹೊಲಿಯಿರಿ. ಒಬ್ಬರೇ ಕೂತರೆ ಬೇಸರ ಬರುವ ಕೆಲಸ ಅದು. ಹುತ್ತರಿಗೆ ಬಂದವರೆಲ್ಲ ಸುತ್ತ ಕೂತು ಆಳಿಗೊಂದು ಅಂಚು ಹಿಡಿದರೆ ಮಾತಿನ ನಡುವೆ ಮುಗಿಯುತ್ತಾ ಬರುತ್ತದೆ. ಹೊಲಿಗೆ ಸೊಟ್ಟ ಬಂದರೆ ಬರಲಿ. ಒಂದು ಎಚ್ಚರ, ರೇಷ್ಮೆ, ನೈಲಾನ್, ಹತ್ತಿ ಬೆರೆಸಿದರೆ ಒಂದು ಕುಗ್ಗಿ ಇನ್ನೊಂದು ಹರಿಯುತ್ತದೆ. ಹತ್ತಿಗೆ ಹತ್ತಿ ಸೇರಿಸಿ.

ಹಳೆಯ ಕೌದಿಯನ್ನು ಈಗ ಒಗೆಯಬೇಡಿ. ಆಟಿ ಮಳೆಯಲ್ಲಿ ಒಗೆದ ಕೌದಿ ವಾರವಾದರೂ ಒಣಗುವುದಿಲ್ಲ, ಮೊದಲಿಗಿಂತ ಜಾಸ್ತಿ ಬೂಷ್ಟು ಹಿಡಿಯುತ್ತದೆ. ಸದ್ಯಕ್ಕೆ ಗಾಳಿಗೆ ಹರಡಿ, ವಾಸನೆ ಇಳಿಸಿ. ಜನವರಿ-ಫೆಬ್ರವರಿಯಲ್ಲಿ, ನೀವು ಕಣದಲ್ಲಿ ಕಾಫಿ ಒಣಗಿಸುವ ಹೊತ್ತಿಗೆ ಒಗೆಯಿರಿ. ಮೊದಲು ಒಂದೊಂದು ಸೀರೆ ತುಂಡಿನ ಮೂಲೆಗೂ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಒಗೆಯುವ ಯೋಚನೆ ಬಿಡಿ. ಹತ್ತದಿದ್ದರೆ ದೊಡ್ಡ ಟಬ್‌ನಲ್ಲಿ ಹಳೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕೌದಿ ಮಲಗಿಸಿ, ಮೆದು ಸೋಪಿನ ನೀರಿನಲ್ಲಿ ಅಂಗೈಯಿಂದ ಒತ್ತಿ ಒತ್ತಿ ಬಿಡಿ. ಎತ್ತುವಾಗ ಬೆಡ್‌ಶೀಟ್ ಹಿಡಿದು ಎತ್ತಿ. ನೀರು ಕುಡಿದ ಕೌದಿಯ ಭಾರಕ್ಕೆ ಅದರದ್ದೇ ಹೊಲಿಗೆ ಹರಿಯುತ್ತದೆ. ಹಗ್ಗಕ್ಕೆ ನೇತುಹಾಕದೆ ಮಂಚದ ಮೇಲೆ ಹರಡಿ ಒಣಗಿಸಿ, ಹಿಂಬದಿ ಮೇಲಾಗಿ. ಅರಿಸಿನದ ಕಲೆ ಇದ್ದರೆ ಸ್ವಲ್ಪ ಹೊತ್ತಿನ ಬಿಸಿಲಿಗೆ ತಾನೇ ಮಾಸುತ್ತದೆ. ಬೂಷ್ಟಿನ ಕಪ್ಪು ಚುಕ್ಕೆ ಮಾಸುವುದಿಲ್ಲ. ಬ್ಲೀಚ್ ಹಾಕಿದರೆ ಚುಕ್ಕೆಯ ಜೊತೆ ಬಟ್ಟೆಯೂ ಹೋಗುತ್ತದೆ.

ಇನ್ನು ಇಡುವುದು ಎಲ್ಲಿ? ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ, ಸಾಧ್ಯವಾದರೆ ಒಳಗೋಡೆಯ ಕಡೆಗೇ ತನ್ನಿ. ಮೊದಲೆಲ್ಲ ಮಳೆನಾಡಿನ ಮನೆಗಳಲ್ಲಿ ಬೀರುವಿನೊಳಗೆ 40 ವಾಟಿನ ಬಲ್ಬ್ ಉರಿಸುತ್ತಿದ್ದರು. ಈಗಿನ ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ಅದರಲ್ಲಿ ಬಿಸಿ ತೀರಾ ಕಡಿಮೆ. ಹಳೆ ಬಲ್ಬ್ ಬಟ್ಟೆಗೆ ತಾಗಿದರೆ ಬೆಂಕಿ ಭಯ. ಸಿಲಿಕಾ ಜೆಲ್ ಪೊಟ್ಟಣ ಡಬ್ಬಿಗೆ ಸರಿ, ಆಗಾಗ ಬಿಸಿ ಮಾಡಿ ಒಣಗಿಸಬೇಕು, ಇಡೀ ಬೀರುವಿಗೆ ಸಾಲದು. ಲಾವಂಚದ ಬೇರು, ಬಜೆ ಬಟ್ಟೆಯಲ್ಲಿ ಕಟ್ಟಿ ಇಡಬಹುದು. ತಾಳೆಗರಿ ಕಟ್ಟುಗಳ ಜೊತೆ ಬಜೆ ಇಡುವುದು ಹಳೆಯ ರೂಢಿ. ಹುಳ ದೂರ ಇರುತ್ತದೆ, ತೇವ ಮಾತ್ರ ಹಾಗೇ ಇರುತ್ತದೆ. ತೇವ ಹೀರುವ ಯಂತ್ರ ಒಳ್ಳೆಯದು, ಆದರೆ ಜುಲೈನಲ್ಲಿ ನಿಮ್ಮ ಕಡೆ ಕರೆಂಟು ಎಷ್ಟು ದಿನ ಇರುತ್ತದೆ ಅಂತ ನಿಮಗೇ ಗೊತ್ತು.

ಇವೆಲ್ಲಕ್ಕಿಂತ ಸುಲಭದ ದಾರಿ ನಿಮ್ಮ ಪತ್ರದಲ್ಲೇ ಇದೆ. ಅಕ್ಕ ಮೈಸೂರಿನಲ್ಲಿದ್ದಾರೆ. ಅಲ್ಲಿ ವರ್ಷದ ಮಳೆಯೇ ಸುಮಾರು 800 ಮಿಲಿಮೀಟರ್, ಮಡಿಕೇರಿಯ ಕಾಲು ಭಾಗ. ಪ್ರತಿ ಮೇ ಕೊನೆಗೆ ಪುಸ್ತಕ, ಕೌದಿ ಎರಡೂ ಮೈಸೂರಿಗೆ ಹೋಗಲಿ. ಹುತ್ತರಿಗೆ ಅಕ್ಕನ ಜೊತೆ ವಾಪಸ್ ಬರಲಿ. ಅಲ್ಲೂ ಕಟ್ಟಿಡಬಾರದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಭಾನುವಾರಕ್ಕೊಮ್ಮೆ ತೆಗೆದು ಮಕ್ಕಳಿಗೆ ಒಂದು ಕಥೆ ಓದಬೇಕು. ಇದಕ್ಕೂ ಒಂದು ಅಪಾಯ ಇದೆ. ಹೋದದ್ದು ವಾಪಸ್ ಬಾರದೆ ಅಕ್ಕ ತಂಗಿಗೆ ಮಾತು ನಿಂತುಹೋದ ಮನೆ ನಾನು ನೋಡಿದ್ದೇನೆ. ತಾರೀಖು ಮೊದಲೇ ಮಾತಾಡಿಕೊಳ್ಳಿ. ಮೈಸೂರಿನಲ್ಲಿ ಲಖನೌ ಮೂಲದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯ ಇದೆ, ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಕೈಮೀರಿದ ಹಾಳೆಗಳಿದ್ದರೆ ಅಲ್ಲಿ ಸಲಹೆ ಕೇಳಬಹುದು.

ಅಡುಗೆ ಪುಟಗಳಿಗೆ ಬೇರೆ ಲೆಕ್ಕ. ಮೂಲ ಪುಸ್ತಕ ಇನ್ನು ಒಲೆ ಹತ್ತಿರ ಬೇಡ. ಆ ಪುಟಗಳ ಜೆರಾಕ್ಸ್ ಮೂರು ಪ್ರತಿ ಮಾಡಿಸಿ, ಮನೆಗೊಂದು. ಜೆರಾಕ್ಸ್ ಅಕ್ಷರ ನೀರಿಗೆ ಹರಡುವುದಿಲ್ಲ, ಇಂಕ್‌ಜೆಟ್ ಹರಡುತ್ತದೆ. ಆ ಪ್ರತಿಗೆ ಎಣ್ಣೆ ಬೀಳಲಿ, ಅರಿಸಿನ ಬೀಳಲಿ. ಮೂಲದಲ್ಲಿ ಪಂದಿ ಕರಿಯ ಪುಟಕ್ಕೆ ತೂತು ಬಿದ್ದಿದೆ, ಹುಳ ತಿಂದಿದೆಯೇ ಅಂತ ಕೇಳಿದ್ದೀರಿ. ಅಂಚು ಕಂದಾಗಿ ಸುಟ್ಟ ಹಾಗಿದ್ದರೆ ಅದು ಹುಳವಲ್ಲ, ಪಂದಿ ಕರಿಗೆ ಹಾಕುವ ಹಣ್ಣಿನ ಹುಳಿ, ಕಾಚಂಪುಳಿ. ಆ ಹುಳಿ ಒಂದು ತೊಟ್ಟು ಬಿದ್ದರೂ ಕಾಗದವನ್ನು ವರ್ಷಗಟ್ಟಲೆ ತಿನ್ನುತ್ತಾ ಇರುತ್ತದೆ. ಪಾಯಸದ ಪುಟದ ನೇರಳೆ ಕಲೆ ಮದ್ದು ಸೊಪ್ಪಿನದ್ದು, ಅದರಿಂದ ತೊಂದರೆ ಇಲ್ಲ. ತೆಗೆಯಲು ಹೋಗಬೇಡಿ. ಅಮ್ಮ ಯಾವುದೋ ಆಟಿ ಹದಿನೆಂಟರಂದು, ಆ ಪಾಯಸ ಮಾಡುವ ದಿನ, ಆ ಪುಟ ನೋಡಿಕೊಂಡೇ ಸೊಪ್ಪು ಸೋಸಿದ್ದರ ಗುರುತು ಅದು.

ಅಳತೆಯ ಬಗ್ಗೆ ಒಂದು ಕೆಲಸ ಇವತ್ತೇ ಮಾಡಿ. 'ಎರಡು ಕುಡ್ತೆ ಅಕ್ಕಿ' ಅಂತ ಬರೆದಿದ್ದಾರೆ. ಆ ಕುಡ್ತೆ ಮನೆಯಲ್ಲಿ ಇದೆಯಾ? ಇದ್ದರೆ ನೀರು ತುಂಬಿ ಎಷ್ಟು ಮಿಲಿಲೀಟರ್ ಅಂತ ಅಳೆದು ಬರೆದಿಡಿ. ಪುಸ್ತಕ ಉಳಿದು ಪಾತ್ರೆ ಕಳೆದುಹೋದ ಮನೆಗಳಲ್ಲಿ ಅಡುಗೆ ಉಳಿದಿಲ್ಲ.

ಕೊನೆಯ ಪ್ರಶ್ನೆ, ಖಾಲಿ ಹಾಳೆ. ಮುಟ್ಟಬೇಡಿ ಅಂತ ನನ್ನ ಕಸುಬಿನವರು ಹೇಳಬೇಕು. ನಾನು ಹೇಳುವುದಿಲ್ಲ. ಬರೆಯಿರಿ, ಆದರೆ ಪೆನ್ಸಿಲ್‌ನಲ್ಲಿ. ಸೀಸದಕಡ್ಡಿಯ ಇಂಗಾಲ ನೀರಿಗೂ ಕರಗುವುದಿಲ್ಲ, ಬೆಳಕಿಗೂ ಮಾಸುವುದಿಲ್ಲ. ಅಮ್ಮನ ನೀಲಿ ಶಾಯಿಗಿಂತ ಗಟ್ಟಿ. 2ಬಿ ಸಾಕು, ಜೋರಾಗಿ ಒತ್ತಬೇಡಿ. ತಾರೀಖು ಹಾಕಿ, ಯಾರು ಬರೆದದ್ದು ಅಂತ ಹಾಕಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬರೆದ ಮೇಲೆ ತಕ್ಷಣ ಮುಚ್ಚದೆ, ಅರ್ಧ ಗಂಟೆ ಮೇಜಿನ ಮೇಲೆ ತೆರೆದೇ ಬಿಡಿ.